ಶನಿವಾರ ಹನ್ನೊಂದಕ್ಕೆ ಫೋನು

ಆ ಬುಧವಾರ ಅಂಚೆಯವನು ಕಾಗದ ಕೊಟ್ಟು ಹೋದಾಗಿನಿಂದ ಉಷಾರಾಣಿ ಒಂದು ಕಡೆ ಕೂತಿರಲಿಲ್ಲ. ಪಡಸಾಲೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಪಡಸಾಲೆಗೆ ತಿರುಗುತ್ತಲೇ ಇದ್ದಳು.

“ಏನೇ ಇದು, ಕಣದಾಗೆ ಎತ್ತು ಸುತ್ತಿದಂಗೆ ಸುತ್ತುತಿದೀಯ? ನೋಡೋರಿಗೇ ತಲೆ ತಿರುಗ್ತೈತೆ,” ಎಂದಳು ತಾಯಿ ರುದ್ರಮ್ಮ.

ಕಾಗದ ಬಂದದ್ದು ಹಳೇಬೀಡಿನ ಹತ್ತಿರ ಹೊಸದಾಗಿ ಶುರುವಾಗಲಿದ್ದ ಒಂದು ವಸತಿ ಶಾಲೆಯಿಂದ. ಹಾಸ್ಟೆಲಿನ ನಲವತ್ತು ಪುಟ್ಟ ಹೆಣ್ಣುಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಉಷಾ ಅರ್ಜಿ ಹಾಕಿದ್ದಳು. ಸಂದರ್ಶನ ಮುಗಿದು ಕೊನೆಗೆ ಉಳಿದ ಮೂವರಲ್ಲಿ ಅವಳೂ ಒಬ್ಬಳು. ಕಾಗದದಲ್ಲಿ ಹೀಗಿತ್ತು: ‘ನೀವು ಅರ್ಜಿಯಲ್ಲಿ ಹೆಸರಿಸಿದ ಇಬ್ಬರೊಂದಿಗೆ ಶನಿವಾರ ಬೆಳಿಗ್ಗೆ ಹನ್ನೊಂದರಿಂದ ಫೋನಿನಲ್ಲಿ ಮಾತನಾಡುತ್ತೇವೆ. ಆಮೇಲೆಯೇ ತೀರ್ಮಾನ.’

ಕರೆ ಬರುವ ಮೊದಲೇ ಕರೆಕರೆ ಶುರುವಾಗಿದ್ದು ಇಲ್ಲಿಂದ.

ಅರ್ಜಿಯಲ್ಲಿ ಕೇಳಿದ್ದು ‘ನಿಮ್ಮನ್ನು ಬಲ್ಲ, ಸಂಬಂಧಿಕರಲ್ಲದ ಇಬ್ಬರ ಹೆಸರು’. ಉಷಾ ಪೆನ್ನು ಹಿಡಿದು ಯೋಚಿಸುತ್ತಿದ್ದಾಗ ಅಪ್ಪ ಗಂಗಾಧರಪ್ಪ ಪಕ್ಕದಲ್ಲೇ ನಿಂತು ಬರೆಸಿದ್ದ. ಊರೂರು ತಿರುಗಿ ತೆಂಗಿನಕಾಯಿ ಕೊಂಡು, ಕೊಬ್ಬರಿ ಮಾಡಿ ಅರಸೀಕೆರೆಯ ಮಂಡಿಗೆ ಹಾಕುವವನು ಅವನು. “ಮಂಡಿ ರೇವಣಸಿದ್ದಪ್ಪೋರ ಹೆಸ್ರು ಹಾಕು. ಅವರ ಹೆಸ್ರು ಕೇಳಿದ್ರೆ ಮುಚ್ಚಿದ ಬಾಗಿಲೂ ತೆಗೀತೈತೆ. ಎರಡನೇದು ನಿಮ್ಮ ಇಂದುಧರ ಮಾವಂದು.”

“ಮಾವ ಸಂಬಂಧಿಕರಲ್ವಾ ಅಪ್ಪ?”

“ಹಿತೈಷಿ ಅಂತ ಬರಿ. ಮಾವ ಹಿತೈಷಿ ಅಲ್ವೇನು?”

ಬರೆದಿದ್ದಳು. ಇಬ್ಬರಲ್ಲಿ ಒಬ್ಬರಿಗೂ ತಿಳಿಸಿರಲಿಲ್ಲ.

ಈಗ ಶನಿವಾರಕ್ಕೆ ಎರಡೇ ದಿನ ಮಧ್ಯೆ ಉಳಿದಿತ್ತು. ‘ಈ ಕೆಲಸ ಆಗ್ಲಿಲ್ಲ ಅಂದ್ರೆ ಇನ್ನು ಅರ್ಜಿಗಿರ್ಜಿ ಅಂತ ಓಡಾಡಂಗಿಲ್ಲ’ ಎಂದು ಅಪ್ಪ ಮೊದಲೇ ಹೇಳಿಟ್ಟಿದ್ದ.

“ಅಕ್ಕ, ನೀನ್ಯಾಕೆ ಹೆದರ್ತೀಯ?” ಎಂದು ತಮ್ಮ ಇಂದ್ರೇಶ್ ಚಾಪೆಯ ಮೇಲೆ ಎದ್ದು ಕೂತ. ಬಿ.ಎ. ಓದುತ್ತಿದ್ದ ಅವನಿಗೆ ಪಾಠಕ್ಕಿಂತ ಪಾಠ ಮಾಡುವವರ ದನಿಯೇ ಚೆನ್ನಾಗಿ ಬಾಯಿಗೆ ಬರುತ್ತಿತ್ತು. “ನಂಬರ್ ತಪ್ಪಾಗಿದೆ ಅಂತ ಹೇಳಿ ನಮ್ಮೂರ ಎಸ್.ಟಿ.ಡಿ. ಬೂತ್‌ ನಂಬರ್ ಕೊಟ್ಬಿಡು. ಶನಿವಾರ ನಾನೇ ಅಲ್ಲಿ ಕೂತಿರ್ತೀನಿ.” ಮೂಗನ್ನು ಸ್ವಲ್ಪ ಒತ್ತಿ ಹಿಡಿದು, ಹೊಟ್ಟೆ ಮುಂದೆ ತಳ್ಳಿದ. “ಹಲೋ... ರೇವಣಸಿದ್ದಪ್ಪ ಮಾತಾಡ್ತಿರೋದು. ಹುಡುಗಿ ಚಿನ್ನ ಕಣ್ರೀ, ಚಿನ್ನ. ತಿಳೀತಾ? ಕಣ್ಣು ಮುಚ್ಕೊಂಡು ತಗೊಳ್ರಿ. ತಿಳೀತಾ?”

ರುದ್ರಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ಗಂಗಾಧರಪ್ಪನೂ ಮೀಸೆಯಡಿ ನಕ್ಕ. ಉಷಾಳಿಗೂ ನಗು ಬಂತು. ಬಂದಷ್ಟೇ ಬೇಗ ಹೋಯಿತು. ಅವರು ಮರುಪ್ರಶ್ನೆ ಕೇಳಿದರೆ? ಮುಂದೆ ಎಂದಾದರೂ ನಿಜವಾದ ರೇವಣಸಿದ್ದಪ್ಪ ಅವರಿಗೆ ಸಿಕ್ಕಿದರೆ?

ಮಾರನೆಯ ಬೆಳಿಗ್ಗೆ ತಿಂಡಿ ತಟ್ಟೆಯಲ್ಲೇ ಬಿಟ್ಟು ಅರಸೀಕೆರೆ ಬಸ್ಸು ಹತ್ತಿದಳು.

ಮಂಡಿಯಲ್ಲಿ ರೇವಣಸಿದ್ದಪ್ಪ ಚೀಲಗಳ ನಡುವೆ ನಿಂತಿದ್ದರು. “ಯಾರಮ್ಮ ನೀನು?”

“ಕಣಕಟ್ಟೆ ಗಂಗಾಧರಪ್ಪನವರ ಮಗಳು ಸರ್.”

“ಓಹೋ, ಗಂಗಾಧರಪ್ಪಂಗೆ ಮಗಳೂ ಅವಳಾ? ಮಗನ್ನ ಕಂಡಿದೀನಿ, ಭಾರಿ ಮಾತಿನಮಲ್ಲ.”

ಉಷಾ ತಡವರಿಸುತ್ತ ವಿಷಯ ಹೇಳಿದಳು. ಅವರು ಸಿಟ್ಟಾಗಲಿಲ್ಲ. ಕೈಯಲ್ಲಿದ್ದ ಕೊಬ್ಬರಿಯನ್ನು ತಿರುಗಿಸುತ್ತ ಅಂದರು: “ನಿಮ್ಮಪ್ಪನ ಕೊಬ್ಬರಿ ಹೆಂಗೈತೆ ಅಂತ ಕೇಳ್ಲಿ, ಗಂಟೆಗಟ್ಲೆ ಹೇಳ್ತೀನಿ. ನಿನ್ನ ಬಗ್ಗೆ ಏನಮ್ಮ ಹೇಳ್ಲಿ? ನಿನ್ನ ಹೆಸರೇ ಈಗ ಕೇಳ್ತಾ ಇದೀನಿ. ಒಳ್ಳೆ ಹುಡುಗಿ ಅಂತೀನಿ ಅನ್ನು. ‘ಹೆಂಗೆ ಗೊತ್ತು’ ಅಂತ ಅವರು ಕೇಳಿದ್ರೆ? ನಿನ್ನ ಕೆಲಸ ನೋಡಿದೋರು ಯಾರೂ ಇಲ್ವಾ?”

ಇದ್ದರು. ಅದೇ ತಾನೆ ತೊಂದರೆ!

ಬಾಣಾವರದ ಲಲಿತಮ್ಮ ಮೇಡಂ ನಡೆಸುವ ಶಿಶುವಿಹಾರದಲ್ಲಿ ಉಷಾ ಎರಡು ವರ್ಷ ಕೆಲಸ ಮಾಡಿದ್ದಳು. ಒಂದು ಸಲ ಗಂಡಿನ ಕಡೆಯವರು ನೋಡಲು ಬರುತ್ತಾರೆಂದು ಅಪ್ಪ ಒಂದು ವಾರ ಮನೆಯಲ್ಲೇ ಉಳಿಸಿಕೊಂಡ. ಆ ಸಂಬಂಧ ಕೂಡಿಬರಲಿಲ್ಲ. ಹೇಳದೆ ಕೇಳದೆ ವಾರ ತಪ್ಪಿಸಿದ ನಾಚಿಕೆಗೆ ಉಷಾ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಎಂಟು ತಿಂಗಳಾಗಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ಕಣಕಟ್ಟೆಯ ಬಸ್ಸೂ ನಿಂತಿತ್ತು, ಬಾಣಾವರದ ಬಸ್ಸೂ ನಿಂತಿತ್ತು. ಊರಿನ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು, ಇಳಿದು, ಮತ್ತೆ ಇಟ್ಟಳು. “ಹತ್ತಮ್ಮ, ಇಲ್ಲಾ ಇಳಿಯಮ್ಮ! ಮೆಟ್ಲಿಗೆ ಟಿಕೆಟ್ ಹರಿಯಲ್ಲ,” ಎಂದ ಕಂಡಕ್ಟರ್. ಇಳಿದಳು. ಓಡಿ ಬಾಣಾವರದ ಬಸ್ಸು ಹಿಡಿದಳು.

ಶಿಶುವಿಹಾರದ ಬಾಗಿಲಲ್ಲಿ ಲಲಿತಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಅಬ್ಬ, ಬದುಕಿದೀಯ! ನಾನು ಮದುವೆಯಾಗಿ ಊರೇ ಬಿಟ್ಟಳು ಅಂದ್ಕೊಂಡಿದ್ದೆ. ಒಂದು ಕಾರ್ಡ್ ಬರೆಯೋಕೆ ಕೈ ನೋಯ್ತಿತ್ತೇನೆ?”

“ತಪ್ಪಾಯ್ತು ಮೇಡಂ.” ಕಣ್ಣು ತುಂಬಿಕೊಂಡೇ ಎಲ್ಲವನ್ನೂ ಹೇಳಿದಳು. ಇಂದ್ರೇಶನ ಉಪಾಯವನ್ನೂ ಬಿಡಲಿಲ್ಲ.

ಲಲಿತಮ್ಮ ನಗಲಿಲ್ಲ. “ನೋಡು ಉಷಾ, ನಿಮ್ಮಪ್ಪ ಇದನ್ನ ಶಿಫಾರಸು ಅಂದ್ಕೊಂಡಿದಾರೆ. ಶಾಲೆಯೋರು ಕೇಳ್ತಿರೋದು ಅದಲ್ಲ. ನಲವತ್ತು ಮಕ್ಕಳನ್ನ ನಿನ್ನ ಕೈಗೆ ಒಪ್ಪಿಸಬೇಕು ಅವರು. ನೀನು ಹೆಂಗೆ, ಏನು ಅಂತ ಕಣ್ಣಾರೆ ಕಂಡೋರನ್ನ ಕೇಳ್ತಿದಾರೆ. ದೊಡ್ಡೋರು ಯಾಕೆ ಬೇಕು ಅದಕ್ಕೆ? ಕಂಡೋರು ಸಾಕು.”

“ನೀವು ಹೇಳ್ತೀರಾ ಮೇಡಂ?”

“ಹೇಳ್ತೀನಿ. ಆದ್ರೆ ಎಲ್ಲಾನೂ ಹೇಳ್ತೀನಿ. ಹೇಳದೆ ಬಿಟ್ಟು ಹೋದದ್ದನ್ನ ಕೇಳಿದ್ರೆ ಅದನ್ನೂ ಹೇಳ್ತೀನಿ. ಬೇಡ ಅನ್ನೋದಾದ್ರೆ ಈಗ್ಲೇ ಹೇಳಿಬಿಡು.”

ಒಂದು ಗಳಿಗೆ ಉಷಾಳಿಗೆ ಇಂದ್ರೇಶನ ಬೂತೇ ವಾಸಿ ಅನ್ನಿಸಿತು. ಆಮೇಲೆ, “ಹೇಳಿ ಮೇಡಂ,” ಅಂದಳು.

“ಸರಿ. ಏನು ಕೆಲಸ, ಏನು ಮಾಡಬೇಕು, ಒಂದು ಹಾಳೇಲಿ ಬರೆದು ಕೊಡು. ಗೊತ್ತಿಲ್ದೆ ನಾನೇನು ಮಾತಾಡ್ಲಿ? ಹನ್ನೊಂದಕ್ಕೆ ನಾನು ಮಕ್ಕಳ ಊಟದಲ್ಲಿರ್ತೀನಿ, ಹನ್ನೆರಡಕ್ಕೆ ಮನೆ ನಂಬರಿಗೆ ಮಾಡೋಕೆ ಹೇಳು. ಎರಡನೇ ಹೆಸರು ಯಾರದ್ದು ಕೊಡ್ತೀಯ?”

“ನಮ್ಮೂರ ಆಸ್ಪತ್ರೆ ನರ್ಸ್ ಕೆಂಚಮ್ಮನವರದ್ದು ಕೊಡ್ಲಾ? ಎರಡು ವರ್ಷ ಅವರ ಜೊತೆ ಪೋಲಿಯೋ ಹನಿ ಹಾಕೋಕೆ ಹೋಗಿದ್ದೆ.”

“ಕೇಳಿದೀಯಾ ಅವರನ್ನ?”

“ಇಲ್ಲ.”

“ಮತ್ತೆ ಅದೇ ತಪ್ಪಾ! ಮೊದಲು ಕೇಳು, ಆಮೇಲೆ ಕೊಡು.”

ಉಷಾ ಊರಿಗೆ ಓಡಿದಳು. “ಕೇಳಿದ್ದು ಒಳ್ಳೇದಾಯ್ತು ಕಣಮ್ಮ,” ಎಂದರು ಕೆಂಚಮ್ಮ. “ಇಲ್ದಿದ್ರೆ ಯಾವ ಉಷಾ ಅಂತಿದ್ದೆ. ನನ್ನ ರಿಜಿಸ್ಟರಿನಲ್ಲೇ ಎಂಟು ಜನ ಉಷಾ ಅವ್ರೆ. ಹನ್ನೊಂದಕ್ಕೆ ಆಸ್ಪತ್ರೆ ಫೋನಿನ ಹತ್ರಾನೇ ಇರ್ತೀನಿ.” ಶುಕ್ರವಾರ ಬೆಳಿಗ್ಗೆ ಬೂತಿನಿಂದ ಶಾಲೆಗೆ ಫೋನು ಮಾಡಿ, ಮೊದಲು ಬರೆದ ಹೆಸರುಗಳು ಸರಿಯಲ್ಲ, ಒಬ್ಬರು ಸಂಬಂಧಿಕರು, ಇನ್ನೊಬ್ಬರಿಗೆ ನನ್ನ ಪರಿಚಯವಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆ ಕಡೆಯ ಹೆಂಗಸು ಹೊಸ ಹೆಸರು, ನಂಬರು, ಹೊತ್ತು ಬರೆದುಕೊಂಡು ‘ಆಯ್ತು’ ಎಂದಷ್ಟೇ ಹೇಳಿ ಇಟ್ಟಳು.

ಮನೆಯಲ್ಲಿ ಗಂಗಾಧರಪ್ಪ ಕೂಗಾಡಿದ. “ರೇವಣಸಿದ್ದಪ್ಪೋರ ಹೆಸ್ರು ತೆಗೆಸಿ ಮಕ್ಕಳ ಮೂಗು ಒರೆಸೋ ಟೀಚರಮ್ಮನ ಹೆಸ್ರು ಕೊಟ್ಯಾ? ಏನೈತೆ ಆ ಹೆಸರಿಗೆ ತೂಕ?”

ಅವನು ಅಟ್ಟದಿಂದ ಇಳಿಸಿದ ಕಾಯಿಗಳ ರಾಶಿ ಮುಂದೆ ಕೂತಿದ್ದ. ಉಷಾ ಒಂದು ಕಾಯಿ ಎತ್ತಿ ಅವನ ಕೈಗಿಟ್ಟಳು. “ಅಪ್ಪ, ಇದು ದೊಡ್ಡ ಗೌಡ್ರ ತೋಟದ್ದು. ಒಣಗೈತೆ ಅಂತ ಹಂಗೇ ತಗೋತೀಯಾ?”

“ಯಾರ ತೋಟದ್ದಾದ್ರೇನು, ಅಲ್ಲಾಡಿಸಿ ನೋಡ್ದೆ ಯಾರು ತಗೋತಾರೆ?” ಅಭ್ಯಾಸಬಲದಿಂದ ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದ. ಒಳಗೆ ನೀರು ಗುಳುಗುಳು ಅಂದಿತು. ಇನ್ನೂ ಕೊಬ್ಬರಿಯಾಗಿರಲಿಲ್ಲ. ಬದಿಗಿಟ್ಟ.

“ಅವರೂ ಅಲ್ಲಾಡಿಸಿ ನೋಡ್ತಾವ್ರೆ ಅಪ್ಪ. ತೋಟದೋರ ಹೆಸ್ರು ಹೇಳಿದ್ರೆ ಒಪ್ತಾರಾ?”

ಗಂಗಾಧರಪ್ಪ ಇನ್ನೊಂದು ಕಾಯಿ ಎತ್ತಿ ಕಿವಿಗೆ ಹಿಡಿದ. ಬಹಳ ಹೊತ್ತು ಹಿಡಿದೇ ಇದ್ದ.

ಶನಿವಾರ ಹನ್ನೊಂದಾಯಿತು. ಹನ್ನೆರಡಾಯಿತು. ಉಷಾ ಗುಡಿಸಿದ ಅಂಗಳವನ್ನೇ ಮೂರು ಸಲ ಗುಡಿಸಿದಳು. ಈಗ ಅವಳ ಹಿಂದೆ ಅಪ್ಪನೂ ಪಡಸಾಲೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಪಡಸಾಲೆಗೆ ಸುತ್ತತೊಡಗಿದ. “ಶಿವನೇ, ಈಗ ಜೋಡಿ ಎತ್ತಾಯ್ತು,” ಎಂದಳು ರುದ್ರಮ್ಮ.

ಹತ್ತು ದಿನಕ್ಕೆ ಕಾಗದ ಬಂತು. ಕೆಲಸ ಸಿಕ್ಕಿತ್ತು.

ಸೇರಲು ಹೋದ ದಿನ ಗಂಗಾಧರಪ್ಪನೇ ಮಗಳ ಟ್ರಂಕು ಹೊತ್ತು ಹಳೇಬೀಡಿಗೆ ಬಂದ. ಶಾಲೆಯ ಮೇಲ್ವಿಚಾರಕಿಯನ್ನು ಕೇಳಿಯೇಬಿಟ್ಟ: “ನಮ್ಮ ಮಗೀನ್ನ ಯಾಕೆ ಆರಿಸಿಕೊಂಡ್ರಿ ಅಮ್ಮ?”

ಅವರು ನಕ್ಕರು. “ಒಬ್ಬ ಹುಡುಗಿ ಬಗ್ಗೆ ಫೋನು ಮಾಡಿದೆ. ದೊಡ್ಡ ಮನುಷ್ಯರು, ‘ತುಂಬಾ ಒಳ್ಳೆಯವಳು’ ಅಂದ್ರು. ಹುಡುಗಿ ಹೆಸರೇನು ಅಂದ್ರೆ ಗೊತ್ತಿಲ್ಲ! ಇನ್ನೊಬ್ಬಳು ಕೊಟ್ಟ ನಂಬರಿನಲ್ಲಿ ಯಾರೂ ಎತ್ತಲೇ ಇಲ್ಲ. ನಿಮ್ಮ ಮಗಳು ತಾನಾಗಿ ತಪ್ಪು ತಿದ್ದಿಕೊಂಡಳು. ನರ್ಸಮ್ಮ ‘ಬಿಸಿಲಿಗೆ ಬೇಸರ ಮಾಡ್ಕೊಂಡೋಳಲ್ಲ’ ಅಂದ್ರು. ಲಲಿತಮ್ಮನವರು, ಹೇಳದೆ ಕೆಲಸ ಬಿಟ್ಟಳು, ಎದುರಿಗೆ ಬಂದು ಒಪ್ಪಿಕೊಂಡಳು ಅಂದ್ರು. ಇನ್ನೊಂದು ಹೇಳಿದ್ರು. ಮೂರು ತಿಂಗಳು ಬಾಯೇ ಬಿಡದ ಒಂದು ಮಗು ಇತ್ತಂತೆ. ಈಕೆ ದಿನಾ ಅದರ ಪಕ್ಕ ಕೂತು ಬಾಣಾವರದ ರೈಲು ಕೂಗೋ ಹಾಗೆ ಕೂಗಿ, ಗಾರ್ಡಿನ ಸೀಟಿ ಹೊಡೆದು, ಕೊನೆಗೆ ಆ ಮಗುವೂ ‘ಕೂ’ ಅಂದಿತಂತೆ. ತಪ್ಪನ್ನೂ ಮುಚ್ಚಿಡದವರು ಹೇಳಿದ್ದಲ್ವಾ, ಮಿಕ್ಕಿದ್ದನ್ನೂ ನಂಬಿದೆ.”

ಗಂಗಾಧರಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಊರಿಗೆ ಮರಳಿದ ಮರುದಿನ ಅವನಾಗಿಯೇ ಬಾಣಾವರಕ್ಕೆ ಹೋಗಿ, ಲಲಿತಮ್ಮನವರ ಬಾಗಿಲಲ್ಲಿ ಒಂದು ಚೀಲ ಕಾಯಿ ಇಟ್ಟು, “ಮಗಳಿಗೆ ಕೆಲಸ ಆಯ್ತು ಅಮ್ಮ, ನಿಮಗೆ ಹೇಳಿ ಹೋಗಾನ ಅಂತ ಬಂದೆ,” ಎಂದ. “ಅಲ್ಲಾಡಿಸಿ ನೋಡೇ ತಂದಿದೀನಿ.”

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಕೈಯಲ್ಲೂ ಈಗ ಒಂದು ಅರ್ಜಿ ಇರಬಹುದು. ‘ನಿಮ್ಮನ್ನು ಬಲ್ಲ ಇಬ್ಬರು’ ಎಂಬ ಸಾಲಿಗೆ ಬಂದ ತಕ್ಷಣ ಪೆನ್ನಿಗೆ ಕ್ಯಾಪ್ ಹಾಕಿ, ಕಾಲಿಗೆ ಚಪ್ಪಲಿ ಹಾಕಿ. ನಿಮ್ಮ ಕೆಲಸವನ್ನು ನೋಡಿದವರ ಮನೆಗೆ ಹೋಗಿ, ಅವರನ್ನು ಕೇಳಿ, ಏನು ಕೆಲಸವೆಂದು ತಿಳಿಸಿ, ಯಾವ ಹೊತ್ತಿಗೆ ಯಾವ ನಂಬರಿನಲ್ಲಿ ಸಿಗುತ್ತಾರೆಂದು ಬರೆದುಕೊಳ್ಳಿ. ಹಳೆಯ ಮುನಿಸೊಂದು ಅಡ್ಡ ಬಂದರೆ ಅದನ್ನೂ ಅಲ್ಲೇ ಮಾತಾಡಿ ಮುಗಿಸಿ. ಕೆಲಸ ಸಿಗಲಿ, ಸಿಗದಿರಲಿ, ಅವರಿಗೊಂದು ಮಾತು ಹೇಳಿ ಬನ್ನಿ. ಮನೆಯಲ್ಲಿ ಇಂದ್ರೇಶನಂಥ ತಮ್ಮನಿದ್ದರೆ ಅವನ ಮಿಮಿಕ್ರಿಗೆ ಚಪ್ಪಾಳೆ ತಟ್ಟಿ. ಫೋನು ಮಾತ್ರ ಕೊಡಬೇಡಿ.