ವಿಲನ್ನಿನ ಕಂಪ್ಯೂಟರ್ ಒತ್ತಿದ ಕೈ

ಹಳೆಯ ಸಿನಿಮಾ ನೋಡುವಾಗ ಉಳಿದವರು ಹೀರೋನನ್ನು ನೋಡುತ್ತಾರೆ, ನಾನು ಮೇಜಿನ ಮೇಲೇನಿದೆ ಎಂದು ನೋಡುತ್ತೇನೆ. ವಿಲನ್ನಿನ ಅಡ್ಡೆಯಲ್ಲಿ ಕಂಪ್ಯೂಟರ್ ಕಂಡಿತೋ, ಮುಗಿಯಿತು. ಅಲ್ಲೇ ನಿಲ್ಲಿಸಿ, ಹಿಂದೆ ಮುಂದೆ ಓಡಿಸಿ, ಅದು ಯಾವ ಕಂಪನಿಯದು, ಯಾವ ಕಾಲದ್ದು, ಕೀಬೋರ್ಡ್ ಎಂಥದ್ದು ಎಂದು ಪತ್ತೆ ಮಾಡುವವರೆಗೂ ನನಗೆ ಊಟ ಸೇರುವುದಿಲ್ಲ. ಒಮ್ಮೆ ಪ್ರಪಂಚವನ್ನೇ ಸುಡಲು ಹೊರಟ ವಿಲನ್ ಒಬ್ಬನ ಮುಂದೆ, ಮಕ್ಕಳು ಟಿವಿಗೆ ಸಿಕ್ಕಿಸಿ ಆಟವಾಡುವ ಕಮಡೋರ್ ಕಂಪ್ಯೂಟರ್ ಇಟ್ಟಿದ್ದರು. ಅವತ್ತು ನಾನು ನಕ್ಕ ನಗುವಿಗೆ ರಾಗಿಗುಡ್ಡದ ನಮ್ಮ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದರು.

ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಕಲಿಸಿ ರಿಟೈರಾದವಳು ನಾನು, ಹೆಸರು ಯಶೋಧರಾ. ಇಂಥದ್ದನ್ನೇ ಗುರುತಿಸುವ ಹುಚ್ಚರದ್ದೊಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ ಯಾರಾದರೂ ಟರ್ಮಿನಲ್ಲನ್ನು ಪಿಸಿ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಟರ್ಮಿನಲ್ ಎಂದರೆ ಬರೀ ಪರದೆ ಮತ್ತು ಕೀಬೋರ್ಡು. ಕೆಲಸ ಮಾಡುವ ದೊಡ್ಡ ಯಂತ್ರ ಬೇರೆ ಕೋಣೆಯಲ್ಲಿರುತ್ತದೆ, ಅದನ್ನು ಆರಿಸಿದರೆ ಇದೂ ಸತ್ತಂತೆ. ಪಿಸಿ ತನ್ನ ಪಾಡಿಗೆ ತಾನೊಂದೇ ಬದುಕುತ್ತದೆ. ಇಷ್ಟು ತಿಳಿಯದವರ ಜೊತೆ ಎಂಥ ಮಾತು ಹೇಳಿ.

ಕಳೆದ ವಾರ ಭದ್ರಾವತಿಯ ಓಲ್ಡ್ ಟೌನಿನಿಂದ ನಮ್ಮಕ್ಕ ಧನಲಕ್ಷ್ಮಿ ಫೋನ್ ಮಾಡಿದಳು.

"ಯಶೀ, ನಾಳೆ ಬೆಳಿಗ್ಗೇನೇ ಬಸ್ ಹತ್ತು ಮಾರಾಯ್ತಿ. ಆ ಸಿನಿಮಾ ಯೂಟ್ಯೂಬಿಗೆ ಬಂದಿದೆ. ನನ್ನ ಮರ್ಯಾದೆ ಪ್ರಶ್ನೆ."

ಆ ಸಿನಿಮಾ ಎಂದರೆ ಯಾವುದು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಅಕ್ಕ ಮದುವೆಗೆ ಮುಂಚೆ ಭದ್ರಾವತಿಯ ಒಂದು ಕಾರ್ಖಾನೆಯ ಕಂಪ್ಯೂಟರ್ ಸೆಕ್ಷನ್ನಿನಲ್ಲಿ ಕೆಲಸಕ್ಕಿದ್ದಳು. ಪಕ್ಕದ ಟರ್ಮಿನಲ್ಲಿನಲ್ಲಿ ಪುಷ್ಪಮ್ಮ. ಒಂದು ದಿನ ಆ ಕೋಣೆಯಲ್ಲೇ ಸಿನಿಮಾ ಶೂಟಿಂಗ್ ನಡೆಯಿತು. ವಿಲನ್ನಿನ ಲೇಡಿ ಸೆಕ್ರೆಟರಿ ಟಕಟಕನೆ ಟೈಪ್ ಮಾಡಿ ಬಾಂಬ್ ಸಿಡಿಸಬೇಕು, ಆ ನಟಿಗೆ ಟೈಪಿಂಗ್ ಬಾರದು. ಹಾಗಾಗಿ ಮುಖ ನಟಿಯದು, ಕೈ ಮಾತ್ರ ಸೆಕ್ಷನ್ನಿನವರದು. ಆ ಕೈ ತನ್ನದು ಎಂದು ಅಕ್ಕ, ಅಲ್ಲ ತನ್ನದು ಎಂದು ಪುಷ್ಪಮ್ಮ. ಸಿನಿಮಾ ಒಂದು ವಾರವೂ ಓಡಲಿಲ್ಲ, ಜಗಳ ಮಾತ್ರ ನಲವತ್ತು ವರ್ಷದ ಹತ್ತಿರ ಹೌಸ್‌ಫುಲ್. ಇಬ್ಬರದೂ ಒಂದೇ ಬೀದಿ. ಮಾತಿಲ್ಲ, ಕತೆಯಿಲ್ಲ. ತರಕಾರಿ ಗಾಡಿಯ ಹತ್ತಿರ ಎದುರಾದರೆ ಬದನೆಕಾಯಿಗೆ ಹೇಳಿಕೊಂಡು ಒಬ್ಬರಿಗೊಬ್ಬರು ಬೈಯುತ್ತಾರೆ.

ಈಗ ನಿವೃತ್ತ ನೌಕರರ ಸಂಘದವರು ಭಾನುವಾರದ ಸಮಾರಂಭದಲ್ಲಿ "ನಮ್ಮ ಕಾರ್ಖಾನೆಯ ಸಿನಿಮಾ ತಾರೆ"ಗೆ ಶಾಲು ಹೊದಿಸುತ್ತಾರಂತೆ. ಶಾಲು ಒಂದೇ. ಯಾರ ಹೆಸರು ಕರೆಯಬೇಕೆಂದು ನೀವೇ ತೀರ್ಮಾನಿಸಿ ಎಂದು ಕಾರ್ಯದರ್ಶಿ ಕರಿಯಣ್ಣ ಕೈತೊಳೆದುಕೊಂಡಿದ್ದಾರೆ. ತೀರ್ಪು ನನ್ನದಾಗಬೇಕೆಂದು ಇಬ್ಬರೂ ಒಪ್ಪಿದ್ದರು. ಅಕ್ಕ ಆಗಲೇ ರೇಷ್ಮೆ ಸೀರೆ ತಂದು, ಬ್ಲೌಸ್ ಹೊಲಿಸಿ, ನಾಲ್ಕು ಜನರಿಗೆ ಹೇಳಿಯೂ ಆಗಿತ್ತು.

ನಾನು ಹೋಗುವಷ್ಟರಲ್ಲಿ ಪುಷ್ಪಮ್ಮ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಅಕ್ಕ ಸೋಫಾದ ಈ ತುದಿ, ಭಾವ ಹುಲಿಯಪ್ಪ ಆ ತುದಿ. ಭಾವನೂ ಅದೇ ಸೆಕ್ಷನ್ನಿನವರು. ಹೆಸರಿಗಷ್ಟೇ ಹುಲಿ, ಅಕ್ಕನ ಮುಂದೆ ಕೆಮ್ಮುವುದಕ್ಕೂ ಯೋಚಿಸುವ ಮನುಷ್ಯ. ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು.

"ಇದೆಲ್ಲ ಯಾಕೆ ಬೇಕು. ಇಬ್ರಿಗೂ ಸೇರಿಸಿ ಹೊದಿಸ್ಲಿ ಬಿಡಿ," ಎಂದರು ಪೇಪರಿನ ಹಿಂದಿನಿಂದ.

"ನೀವು ಸುಮ್ನಿರಿ," ಎಂದಳು ಅಕ್ಕ.

ಟಿವಿಯಲ್ಲಿ ಸಿನಿಮಾ ಹಾಕಿದೆ. ಹಾಂಗ್‌ಕಾಂಗ್ ಎಂದು ದೊಡ್ಡ ಅಕ್ಷರ ಬಂತು. ಕೋಟು, ಟೈ, ಬಾಯಲ್ಲಿ ಪೈಪು, ವಿಲನ್ ಠೀವಿಯಿಂದ ನಡೆದು ಬಂದ. ಬರಿಗಾಲಲ್ಲಿ. ಹಿಂದೆ ಬಂದೂಕು ಹಿಡಿದ ಅಷ್ಟೂ ಜನ ರೌಡಿಗಳು, ಅವರೂ ಬರಿಗಾಲಲ್ಲಿ. ನಾನು ರಿಮೋಟ್ ಕೆಳಗೆ ಬೀಳಿಸಿ ನಕ್ಕೆ.

"ನಗ್ತೀಯೇನೇ? ಚಪ್ಪಲಿ, ಬೂಟು ಬಾಗಿಲಾಚೆ ಬಿಡ್ಬೇಕು ಅಂತ ರೂಲ್ಸು," ಎಂದಳು ಅಕ್ಕ. "ಧೂಳು ಕೂತ್ರೆ ಮಿಷನ್ ಹಾಳಾಗತ್ತೆ. ವಿಲನ್ ಆದ್ರೇನು, ದೇವ್ರಾದ್ರೇನು."

ವಿಲನ್ನಿನ ಬೆನ್ನ ಹಿಂದಿನ ಯಂತ್ರಕ್ಕೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಮೇಲೆ ಚೆಂಡುಹೂವಿನ ಹಾರ. ಆಯುಧ ಪೂಜೆಯ ಮಾರನೆಯ ದಿನದ ಶೂಟಿಂಗಂತೆ. ಕುಂಕುಮ ಅಳಿಸಲು ಸೆಕ್ಷನ್ನಿನವರು ಒಪ್ಪಲಿಲ್ಲವಂತೆ. ಹಾಂಗ್‌ಕಾಂಗಿನ ಭಯೋತ್ಪಾದಕರಿಗೆ ಇಷ್ಟು ದೈವಭಕ್ತಿ ಇರುವುದು ನನಗೆ ಗೊತ್ತಿರಲಿಲ್ಲ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಪುಷ್ಪಮ್ಮನಿಗೂ ನಗು ಬಂತು, ಅಕ್ಕ ನೋಡಿದ್ದಕ್ಕೆ ನುಂಗಿಕೊಂಡರು.

ಆಮೇಲೆ ಬಂತು ಕೈ. ತೆರೆಯ ತುಂಬ ಕೀಬೋರ್ಡು, ಅದರ ಮೇಲೆ ಹಸಿರು ಬಳೆ ತೊಟ್ಟ, ಕೆಂಪು ಉಗುರಿನ ಎರಡು ಕೈ.

"ನಾನೇ," ಎಂದರು ಇಬ್ಬರೂ ಒಟ್ಟಿಗೆ.

"ಬೆರಳು ನೋಡು ಯಶೀ. ಎಳೇ ಬೆಂಡೆಕಾಯಿ ಇದ್ದಂಗಿದೆ," ಎಂದಳು ಅಕ್ಕ. ಅವಳ ಕಣ್ಣಲ್ಲಿ ನೀರು. "ಎಂಥ ಚೆಂದದ ಕೈ ಅದು."

ನಾನು ಚಿತ್ರ ನಿಲ್ಲಿಸಿ ಟಿವಿಗೆ ಮೂಗು ತಾಗಿಸಿ ನೋಡಿದೆ. ಕೈಯನ್ನಲ್ಲ, ಕೀಬೋರ್ಡನ್ನು. ಎಫ್ ಎಂದು ಬರೆದಿರುವ ಹತ್ತು ಕೀಗಳು ಎಡಗಡೆ ಎರಡು ಸಾಲಾಗಿ ಕೆಳಗಿಳಿದಿದ್ದವು. ಗೋಡೆಯ ಮೇಲಿನ ಗ್ರೂಪ್ ಫೋಟೋ ಇಳಿಸಿಕೊಂಡೆ. ಅಕ್ಕ, ಪುಷ್ಪಮ್ಮ ತಮ್ಮ ತಮ್ಮ ಟರ್ಮಿನಲ್ಲಿನ ಮುಂದೆ ಕೂತಿದ್ದಾರೆ, ಎರಡರಲ್ಲೂ ಆ ಕೀಗಳು ಮೇಲ್ಗಡೆ ಅಡ್ಡಸಾಲಿನಲ್ಲಿವೆ. ತೆರೆಯ ಮೇಲಿದ್ದುದು ಟರ್ಮಿನಲ್ಲೇ ಅಲ್ಲ, ಪಿಸಿ.

ಯಾರಿಗೂ ಹೆದರದ ನಾನು ಸೋಫಾದ ಮೇಲೆ ಮಡಚಿಟ್ಟಿದ್ದ ಆ ಹೊಸ ಸೀರೆಗೆ ಹೆದರಿದೆ. ಒಂದು ಸುಳ್ಳು ಹೇಳಿದರೆ ಅಕ್ಕನಿಗೆ ಶಾಲು. ಆದರೆ ಟರ್ಮಿನಲ್ಲಿಗೂ ಪಿಸಿಗೂ ವ್ಯತ್ಯಾಸವಿಲ್ಲ ಎಂದು ನನ್ನ ಬಾಯಲ್ಲಿ ಹೇಳಲು, ಕ್ಷಮಿಸಿ, ಆಗುವುದಿಲ್ಲ.

"ಅಕ್ಕಾ, ಇದು ನಿನ್ನ ಮಿಷನ್ ಅಲ್ಲ. ಪುಷ್ಪಕ್ಕಂದೂ ಅಲ್ಲ," ಎಂದು ಎರಡನ್ನೂ ತೋರಿಸಿದೆ.

ಇಬ್ಬರೂ ಕನ್ನಡಕ ಹಾಕಿಕೊಂಡು ಟಿವಿಯ ಮುಂದೆ ಬಗ್ಗಿದರು.

"ಇಂಥದ್ದು ಸಾಹೇಬ್ರ ಕ್ಯಾಬಿನ್ನಲ್ಲಿ ಒಂದೇ ಇದ್ದಿದ್ದು," ಎಂದರು ಪುಷ್ಪಮ್ಮ. "ಬೀಗ ಹಾಕಿರ್ತಿತ್ತು."

"ಬೀಗದ ಕೈ ಇರ್ತಿದ್ದಿದ್ದು..." ಎಂದಳು ಅಕ್ಕ.

ಇಬ್ಬರೂ ತಿರುಗಿದರು. ಭಾವನ ಪೇಪರು ಇನ್ನೊಂದು ಗೇಣು ಮೇಲೇರಿತು.

"ರೀ, ಪೇಪರ್ ಇಳಿಸ್ರಿ."

ಭಾವ ಇಳಿಸಿದರು. ಬೆವರಿ ನೀರಾಗಿದ್ದರು.

"ನೀವಿಬ್ರೂ ಟೈಪ್ ಮಾಡಿದ್ದು ನಿಜ," ಎಂದರು. "ಆದ್ರೆ ಡೈರೆಕ್ಟರು ಸ್ಟಾರ್ಟ್ ಅಂದ ಕೂಡ್ಲೇ ಇಬ್ರೂ ಕೀಬೋರ್ಡ್ ಮುಟ್ಟಿ ಕಣ್ಣಿಗೆ ಒತ್ಕೊಳೋರು. ದಿನಾ ಮಾಡ್ತಿದ್ದ ಅಭ್ಯಾಸ. ಬಾಂಬ್ ಸಿಡಿಸೋಳು ನಮಸ್ಕಾರ ಹಾಕಿ ಸಿಡಿಸ್ತಾಳೇನಯ್ಯ ಅಂತ ಆ ಮನುಷ್ಯ ತಲೆ ಚಚ್ಕೊಂಡ. ಎಷ್ಟ್ ಸಲ ತೆಗೆದ್ರೂ ಅದೇ. ಕೊನೆಗೆ ಸೂಪರ್ ಮೇಡಂ ಅಂತ ಹೇಳಿ ನಿಮ್ಮನ್ನ ಸಂಜೆ ಬಸ್ಸಿಗೆ ಕಳಿಸ್ಬಿಟ್ಟ."

"ಆಮೇಲೆ?"

"ಆಮೇಲೆ ದೊಡ್ಡ ಮಿಷನ್ ಆಫ್ ಆಗಿತ್ತು, ಟರ್ಮಿನಲ್ ಎರಡೂ ಸತ್ತಿತ್ತು. ಕ್ಯಾಬಿನ್ನಿಂದು ಒಂದೇ ಉಳಿದಿದ್ದು. ಟೈಪಿಂಗ್ ಬರೋನು ನಾನೊಬ್ಬನೇ. ಮೇಕಪ್ಪಿನವನು ಮೊಣಕೈವರೆಗೂ ಬೋಳಿಸಿ, ನಿಮಗೆ ತೊಡಿಸಿದ್ದಂಥದ್ದೇ ಬಳೆ ತೊಡಿಸಿ, ಉಗುರಿಗೆ ಬಣ್ಣ ಹಚ್ದ."

ಮೊದಲು ಸಿಡಿದದ್ದು ಪುಷ್ಪಮ್ಮ. ಸೆರಗು ಬಾಯಿಗೆ ತುರುಕಿಕೊಂಡರೂ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡರು. ನಾನು ನೆಲದ ಮೇಲೇ ಕೂತುಬಿಟ್ಟೆ.

"ಅದಕ್ಕೇ ಹೆಣ್ಣು ನೋಡೋಕೆ ಬಂದಾಗ ಆ ಸೆಕೇಲಿ ತುಂಬುತೋಳಿನ ಶರ್ಟ್ ಹಾಕಿದ್ರಾ?" ಎಂದಳು ಅಕ್ಕ. "ಎಷ್ಟು ಗಂಭೀರ ಹುಡುಗ ಅಂತ ನಾನು ಒಪ್ಕೊಂಡೆ."

"ಕೂದ್ಲು ಇನ್ನೂ ಬಂದಿರಲಿಲ್ಲ ಮಾರಾಯ್ತಿ."

ಅಕ್ಕ ನಗಲಿಲ್ಲ. "ಇಷ್ಟು ವರ್ಷ ಊರೆಲ್ಲ ಹೇಳ್ಕೊಂಡು ತಿರುಗಿದೀನಿ. ಒಂದ್ ಮಾತು ಹೇಳ್ಬಾರ್ದಿತ್ತಾ?"

ಭಾವ ತಮ್ಮ ಅಂಗೈ ನೋಡಿಕೊಂಡರು. "ಮದುವೆ ಆದ ಹೊಸದರಲ್ಲಿ ಟಾಕೀಸಿಗೆ ಹೋಗಿದ್ವಲ್ಲ. ಆ ಸೀನ್ ಬಂದಾಗ ನೀನು ನನ್ನ ಕೈನ ಗಟ್ಟಿಯಾಗಿ ಹಿಡ್ಕೊಂಡೆ. ರೀ ನೋಡಿ, ನನ್ನ ಕೈ ಎಷ್ಟು ಚೆಂದ ಕಾಣ್ತಿದೆ ಅಂದೆ. ಅಳ್ತಾ ಇದ್ದೆ. ಹಿಡ್ಕೊಂಡಿದ್ದು ಅದೇ ಕೈನೇ. ಆಗ ಹೇಗ್ ಹೇಳ್ಲಿ ನಾನು?"

ಪುಷ್ಪಮ್ಮನ ನಗು ನಿಂತಿತು. ಅಕ್ಕ ಭಾವನನ್ನೇ ನೋಡುತ್ತ ನಿಂತಿದ್ದಳು. ಆಗಲೇ ಫೋನ್ ಬಡಿದುಕೊಂಡಿತು. ಕರಿಯಣ್ಣ. ನಾನು ಎತ್ತಿ ಸ್ಪೀಕರಿಗೆ ಹಾಕಿದೆ.

"ತೀರ್ಮಾನ ಆಯ್ತಾ ಮೇಡಂ? ಮೈಕಿನವರು ಹೆಸರು ಕೇಳ್ತಿದಾರೆ."

ಅಕ್ಕ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು. ಇನ್ನೊಂದು ಕೈಯಲ್ಲಿ ಭಾವನ ಕೈ ಹಿಡಿದು, ಒಂದೊಂದೇ ಬೆರಳನ್ನು ತಿರುಗಿಸಿ ನೋಡಿದಳು.

"ಹುಲಿಯಪ್ಪ ಅಂತ ಬರ್ಕೊಳಿ ಕರಿಯಣ್ಣ."

"ಹುಲಿಯಪ್ಪನಾ? ಅವನೇನು ಪಾರ್ಟ್ ಮಾಡಿದ್ದ?"

"ಲೇಡಿ ಸೆಕ್ರೆಟರಿ," ಎಂದಳು ಅಕ್ಕ, ಅಳುತ್ತಲೋ ನಗುತ್ತಲೋ ನನಗೆ ಗೊತ್ತಾಗಲಿಲ್ಲ. "ಶಾಲು ಬದಲು ಒಂದು ಡಜನ್ ಹಸಿರು ಬಳೆ ತರಿಸಿ. ನಾನೂ ಪುಷ್ಪಾನೂ ಸೇರಿ ತೊಡಿಸ್ತೀವಿ."