ಕಿರುಬಾಳ ಗಂಜಿ

ಪರರ ಮನೆಯ ಗಂಜಿಯಲ್ಲಿ ಅದೇನು ಅಮೃತ ಇರುತ್ತದೋ, ನನಗಂತೂ ತಿಳಿಯದು. ಬೆಳಗಾಗೆದ್ದು ನಾನು ಜೋಳದ ರೊಟ್ಟಿ ಬಡಿದು, ಹಾಲಿನ ಬಟ್ಟಲ ಜೊತೆ ತಂದಿಟ್ಟರೆ ನಮ್ಮ ಮನೆಯವರು ಗೋಡೆಯ ಕಡೆ ಮುಖ ತಿರುಗಿಸುತ್ತಾರೆ. ಪಕ್ಕದ ಫ್ಲಾಟಿನ ಕಿರುಬಾ ಬರೀ ಅಕ್ಕಿ ಗಂಜಿ ತಂದರೆ ಬಟ್ಟಲು ಖಾಲಿ! ಹೊಟ್ಟೆ ಉರಿಯದೆ ಇರುತ್ತದೆಯೇ?

ನಮ್ಮ ಮನೆಯವರು ಎಂದರೆ ಕೊಟ್ರಪ್ಪ, ಟಿ. ನಗರದಲ್ಲಿ ಸೀರೆ ಅಂಗಡಿ ನಡೆಸಿದವರು. ದೊಡ್ಡ ಆಪರೇಷನ್ ಆಗಿ ಪೋರೂರಿನ ಮನೆಗೆ ಬಂದಾಗಿನಿಂದ ಅನ್ನ ಕಂಡರೆ ಆಗದು. ಹೀಗೇ ಉಪವಾಸ ಬಿದ್ದರೆ ಮೂಗಿಗೆ ನಳಿಕೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೆದರಿಸಿದ್ದಾರೆ. ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೂ ಪ್ರಸಾದ ಕೆಡಿಸಿದ ಪಾಪ ಎನ್ನುವ ಮನೆ ನಮ್ಮದು. ಆ ಮನುಷ್ಯ ಈಗ ತಟ್ಟೆಯನ್ನೇ ಮುಟ್ಟುವುದಿಲ್ಲ.

“ಒಂದ್ ತುತ್ತರ ಉಣ್ರೀ,” ಎಂದು ನಾನು ಮಂಚದ ಪಕ್ಕ ನಿಂತು ಅವರ ಬಾಯನ್ನೇ ನೋಡುತ್ತೇನೆ.

“ಬ್ಯಾಡ ಬಿಡು, ಜಗದೇವಿ.”

ಕಿರುಬಾ ಹೊಸೂರಿನವಳು, ಏಸುವಿನ ಭಕ್ತೆ. ತಮಿಳು ಬೆರೆಸಿದ ಕನ್ನಡ ಅವಳದು. ಅವಳು ಬಂದರೆ ಇವರು ದಿಂಬಿಗೊರಗಿ ಎದ್ದು ಕೂತುಬಿಡುತ್ತಾರೆ. ಅದನ್ನು ನೋಡಲಾರದೆ ನಾನು ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕುತ್ತೇನೆ. ಕಿವಿ ಮಾತ್ರ ಅಲ್ಲೇ ಇರುತ್ತದೆ.

ಮೊನ್ನೆ ಅವಳು ತನ್ನ ವೇದದ ಕಥೆ ಹೇಳುತ್ತಿದ್ದಳು. ಏಸು ಸತ್ತು ಎದ್ದುಬಂದ ಮೇಲೆ ಇಬ್ಬರು ಶಿಷ್ಯರ ಜೊತೆ ದಾರಿಯುದ್ದಕ್ಕೂ ಮಾತಾಡುತ್ತಾ ನಡೆದನಂತೆ. ಅವರಿಗೆ ಗುರುತೇ ಸಿಗಲಿಲ್ಲವಂತೆ. ಸಂಜೆ ಅವರ ಜೊತೆ ಊಟಕ್ಕೆ ಕೂತು ರೊಟ್ಟಿ ಮುರಿದು ಕೊಟ್ಟಾಗಲೇ, ಅಯ್ಯೋ, ಇವನೇ ಅವನು ಅಂತ ತಿಳಿಯಿತಂತೆ.

“ರೊಟ್ಟಿ ಮುರದಾಗ ಗೊತ್ತಾತು!” ಎಂದು ಇವರು ನಕ್ಕರು. ನಕ್ಕರು!

ನನಗೆ ಮೈಯೆಲ್ಲ ಉರಿದುಹೋಯಿತು. ರೊಟ್ಟಿ ಬಡಿಯುವವಳು ನಾನು, ರೊಟ್ಟಿಯ ಕಥೆ ಹೇಳಿ ಉಣಿಸುವವಳು ಅವಳು! ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಅಂದಿದ್ದಾರೆಯೇ? ಹೊರಟು ಬಾಗಿಲವರೆಗೆ ಬಂದವಳಿಗೆ ಅಂದೇಬಿಟ್ಟೆ: “ನಾಳಿಂದ ಗಂಜಿ ತರಬ್ಯಾಡವಾ. ನಮ್ಮ ಮನ್ಯಾಗೂ ಒಲಿ ಹಚ್ಚತೀವಿ.”

“ಸರಿ ಅಕ್ಕಾ,” ಎಂದು ಅವಳು ತಲೆ ತಗ್ಗಿಸಿ ಹೋದಳು.

ಮಾರನೆಯ ದಿನ ಇವರು ಏನೂ ತಿನ್ನಲಿಲ್ಲ. ಅದರ ಮರುದಿನ ನೀರೂ ಬೇಡವೆಂದರು. ಕಣ್ಣು ಗುಳಿಬಿದ್ದಿತ್ತು. ಅಯ್ಯೋ ಶಿವನೇ, ನನ್ನ ಹಟಕ್ಕೆ ಇವರನ್ನು ಕೊಲ್ಲಲೇ? ಸೆರಗು ಸುತ್ತಿಕೊಂಡು ಹೋಗಿ ಅವಳ ಬಾಗಿಲು ತಟ್ಟಿದೆ.

“ನಿನ್ನ ಗಂಜಿಗೆ ಏನ್ ಹಾಕ್ತಿ? ಖರೇ ಹೇಳು.”

“ಉಪ್ಪು ಅಷ್ಟೇ ಅಕ್ಕಾ,” ಎಂದಳು. ಆಮೇಲೆ ಸ್ವಲ್ಪ ಯೋಚಿಸಿ, “ನಾನೂ ಅಲ್ಲೇ ಕೂತು ಸಾಪಿಡ್ತೀನಿ, ಊಟ ಮಾಡ್ತೀನಿ ಅಲ್ವಾ? ದಿನಾ ಎರಡು ಬಟ್ಟಲು ತರ್ತೀನಿ. ಚರ್ಚಲ್ಲೂ ಒಂದೇ ರೊಟ್ಟೀನ ಮುರಿದು ಎಲ್ಲಾರೂ ತಿಂತೀವಿ. ನಮ್ಮ ಏಸಪ್ಪಾನೂ ಜನಗಳ ಜೊತೆ ಕೂತೇ ಊಟ ಮಾಡಿದ್ರು. ನೀವು ಅಣ್ಣನ ಜೊತೆ ಯಾವಾಗ ಸಾಪಿಡ್ತೀರಾ ಅಕ್ಕಾ?”

ಗಂಡ ಉಂಡ ಮೇಲೆ ಹೆಂಡತಿ ಉಣ್ಣಬೇಕು ಎಂದು ನಮ್ಮವ್ವ ಕಲಿಸಿದ್ದು. ಲಗ್ನವಾದಾಗಿನಿಂದ ನಾನು ಅವರೆದುರು ಒಂದು ತುತ್ತು ಬಾಯಿಗಿಟ್ಟವಳಲ್ಲ. ಪೊಲೀಸರ ಹಾಗೆ ಎದುರಿಗೆ ನಿಂತು ಉಣಿಸಿದವಳು. ಇದನ್ನೂ ಇವಳೇ ನನಗೆ ಹೇಳಬೇಕೇ! ಹೊಟ್ಟೆ ಇನ್ನಷ್ಟು ಉರಿಯಿತು.

ಆದರೂ ಬಂದು ರೊಟ್ಟಿ ಬಡಿದೆ. ತಟ್ಟೆ ಹಿಡಿದು ಮಂಚದ ಮೇಲೆ ಅವರ ಪಕ್ಕದಲ್ಲೇ ಕೂತೆ. ಉಣ್ಣಿರಿ ಅನ್ನಲಿಲ್ಲ. ಒಂದು ಚೂರು ಹಾಲಲ್ಲಿ ಅದ್ದಿ ನನ್ನ ಬಾಯಿಗೇ ಇಟ್ಟುಕೊಂಡೆ. ನಾಚಿಕೆಗೆ ತಲೆ ಎತ್ತಲಿಲ್ಲ.

ಅವರು ಹೊರಳಿ ನೋಡಿದರು. ನೋಡುತ್ತಲೇ ಇದ್ದರು.

“ನೀ ಉಣ್ಣೂದು ನಾ ಎಂದೂ ನೋಡೇ ಇಲ್ಲಲ್ಲೇ,” ಎಂದರು.

ಕೈ ಚಾಚಿ ರೊಟ್ಟಿ ಮುರಿದರು. ದೊಡ್ಡ ತುಂಡನ್ನು ನನಗೆ ಕೊಟ್ಟು, ಸಣ್ಣದನ್ನು ತಾವು ಹಾಲಲ್ಲಿ ಅದ್ದಿಕೊಂಡರು. ನುಂಗಿದರು. ಮತ್ತೆ ತಟ್ಟೆಗೆ ಕೈಹಾಕಿದರು. ನನಗೆ ಅಳು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಬೆಲ್ ಆಯಿತು. ಕಿರುಬಾ ಅಲ್ಲದೆ ಇನ್ಯಾರು?

“ತಡಿಯವಾ,” ಎಂದು ಕಣ್ಣೊರೆಸಿಕೊಂಡು ಕೂತಲ್ಲಿಂದಲೇ ಕೂಗಿದೆ, “ನಾವಿಬ್ರೂ ಉಣ್ಣಾಕ್ಹತ್ತೀವಿ!”

ಆಮೇಲೆ ಬೇಕಂತಲೇ ನಿಧಾನವಾಗಿ ಅಗಿದೆ.