ಮಗ್ಗದಾಚೆಯ ಮಾತು

“‘ನೆಶ್’ ಅಂದ್ರೆ ಚಳಿ ತಡೀಲಾರದೋನು ಕಣಮ್ಮ. ನಮ್ಮ ವಾಲ್ಟರ್ ಚಿಕ್ಕಪ್ಪ ಇದ್ದ ನೋಡು, ಜುಲೈ ತಿಂಗಳಲ್ಲೂ ಮಫ್ಲರ್ ಬಿಚ್ತಿರ್ಲಿಲ್ಲ. ಶುದ್ಧ ನೆಶ್ಶು!”

ಗ್ರಂಥಾಲಯದಿಂದ ಬಂದಿದ್ದ ಸಾಯ್ಮಾ ನಗುತ್ತ ರೆಕಾರ್ಡರನ್ನು ಹೆಟ್ಟಿಯ ಹತ್ತಿರಕ್ಕೆ ತಳ್ಳಿದಳು. ಲ್ಯಾಂಕಾಶೈರಿನ ಹತ್ತಿಗಿರಣಿಗಳ ಕಾಲದ ಮಾತುಗಳನ್ನು ಕೂಡಿಡುವುದು ಅವಳ ಕೆಲಸ. ಈ ವೃದ್ಧಾಶ್ರಮದಲ್ಲಿ ಮಗ್ಗ ನಡೆಸಿದವರೆಂದರೆ ಈಗ ಎಂಬತ್ತಾರರ ಹೆಟ್ಟಿ ಒಬ್ಬಳೇ. ಅವಳ ಹಾಗೇ ಮಗ್ಗ ನಡೆಸಿ ಬಂದಿದ್ದ ಐವಿ ಜನವರಿಯಲ್ಲಿ ತೀರಿಕೊಂಡಳು. ಆಮೇಲೆ ಹಳೆಯ ಮಾತಿಗೆ ಮಾತು ಸೇರಿಸುವವರೇ ಇಲ್ಲದೆ ಹೆಟ್ಟಿ ಒಂಟಿಯಾದಳು. ಉಳಿದವರಿಗೆ ಟೀವಿ ಇದ್ದರೆ ಸಾಕು.

ಹದಿನೈದು ದಿನದಿಂದ ಅವಳು ನೆನಪಾದದ್ದನ್ನೆಲ್ಲ ಹಳೇ ಲಕೋಟೆಯ ಹಿಂದೆ ಗೀಚಿಟ್ಟಿದ್ದಳು. ಹೊಟ್ಟೆ ಹಸಿದರೆ ‘ಕ್ಲೆಮ್ಡ್’. ಬಾಗಿಲು ಹಾಕದೆ ಒಳಗೆ ಬಂದರೆ, “ಏನು, ಕೊಟ್ಟಿಗೇಲಿ ಹುಟ್ಟಿದ್ಯಾ?” ಕೊನೆಯದೊಂದನ್ನು ಮಾತ್ರ ಬರೆದಿರಲಿಲ್ಲ, ಅದು ಮರೆಯುವಂಥದ್ದಲ್ಲ. ಉಳಿದದ್ದೆಲ್ಲ ಹಾಳಾಗಿ ಹೋಗಲಿ, ತಾನು ಸತ್ತ ಮೇಲೂ ಅದೊಂದು ಉಳಿಯಬೇಕು ಎಂದು ಅವಳಿಗೆ ಆಸೆ.

“ಅಮ್ಮ ದಿನಾ ಸಂಜೆ ಹೇಳ್ತಿದ್ಲು. ಅವಳ ನಾಲ್ಕು ಮಗ್ಗ ಆ ಕಡೆ, ನಾನು ಈ ಕಡೆ. ಹದಿನಾಲ್ಕು ವರ್ಷ ನಂಗೆ. ಕಾಲು ಸೋತು ಇನ್ನೇನು ಅಳು ಬರ್ಬೇಕು, ತಿರುಗಿ ನೋಡ್ತಿದ್ಲು.”

“ಏನಂತಿದ್ರು ನಿಮ್ಮಮ್ಮ, ಅಜ್ಜಿ?”

ಹೆಟ್ಟಿ ಬೆನ್ನು ನೆಟ್ಟಗೆ ಮಾಡಿಕೊಂಡಳು. ಬಾಯಿ ಅಗಲವಾಯಿತು, ತುಟಿ ಮುಂದಕ್ಕೆ ಬಂತು, ಹುಬ್ಬು ಕುಣಿಯಿತು. ಸದ್ದು ಮಾತ್ರ ಇಲ್ಲ.

“ಕೇಳಿಸ್ಲಿಲ್ಲ. ಸ್ವಲ್ಪ ಜೋರಾಗಿ?”

“ಕೇಳ್ಸೋದೆಲ್ಲಿಂದ? ಆರುನೂರು ಮಗ್ಗದ ಗದ್ದಲದಲ್ಲಿ ಗಂಟಲು ಹರ್ಕೊಳ್ಳೋಕೆ ನಮಗೇನು ಹುಚ್ಚಾ? ಎಲ್ಲಾ ತುಟೀಲೇ ಮಾತಾಡ್ತಿದ್ವಿ. ಅಮ್ಮ ಅಂತಿದ್ದದ್ದು, ‘ತಾಳು ಕೋಳಿಮರಿ, ಜೊತೇಲೇ ಮನೆಗೆ ಹೋಗೋಣ.’”

ಹೇಳಿದವಳೇ ಹೆಟ್ಟಿ ಪೆಚ್ಚಾದಳು. ಕೇಳಿಸಿದ್ದು ತನ್ನ ಮುದಿ ಗಂಟಲು, ಅಮ್ಮನದಲ್ಲ. ಮನೆಯಲ್ಲಿ ಅಮ್ಮ ಯಾವತ್ತೂ ಕೋಳಿಮರಿ ಎಂದವಳಲ್ಲ. ಅಲ್ಲಿ ಬೈಯುವುದಕ್ಕೇ ಹೊತ್ತು ಸಾಲುತ್ತಿರಲಿಲ್ಲ. ಆ ಮಾತನ್ನು ತಾನು ಒಂದೇ ಒಂದು ಸಲವೂ ಕಿವಿಯಿಂದ ಕೇಳಿಲ್ಲ ಎಂಬುದು ಎಪ್ಪತ್ತು ವರ್ಷ ಕಳೆದ ಮೇಲೆ ಈಗ ಹೊಳೆದು ಅವಳಿಗೆ ಸಂಕಟವಾಯಿತು.

ಸಾಯ್ಮಾ ರೆಕಾರ್ಡರನ್ನು ಮೊದಲಿಂದ ಹಾಕಿದಳು. ಚಿಕ್ಕಪ್ಪನ ಮಫ್ಲರ್ ಬಂತು, ಕೊಟ್ಟಿಗೆ ಬಂತು. ಹೆಟ್ಟಿ ತುಟಿ ಆಡಿಸಿದ್ದ ಕಡೆ ಬರೀ ಗೋಡೆ ಗಡಿಯಾರ, ಹೊರಗೆಲ್ಲೋ ಚಹಾದ ಗಾಡಿಯ ಸದ್ದು.

“ಈ ಖಾಲಿ ಜಾಗ ತೆಗೆದುಬಿಡ್ತೀನಿ ಅಜ್ಜಿ.”

“ತೆಗೀಬೇಡ ಕಣೇ. ಅಮ್ಮ ಇರೋದೇ ಅಲ್ಲಿ.”

ಸಾಯ್ಮಾ ಹೊರಟು, ರಸ್ತೆಯಾಚೆ ಬಸ್ಸಿಗೆ ನಿಂತು ಕೈ ಬೀಸಿದಳು. ಹೆಟ್ಟಿ ಕಿಟಕಿಯ ಗಾಜಿನ ಹತ್ತಿರ ಹೋಗಿ ಬಾಯಿ ಅಗಲಿಸಿ, ಅದೇ ಮಾತನ್ನು ತುಟಿಯಲ್ಲಿ ನಿಧಾನವಾಗಿ ಹೇಳಿದಳು. ಐವಿಯಾಗಿದ್ದರೆ ಅಷ್ಟು ದೂರದಿಂದಲೇ ತುಟಿ ಓದಿ ತಿರುಗಿ ಏನಾದರೂ ಅನ್ನುತ್ತಿದ್ದಳು.

ಸಾಯ್ಮಾ ಕೇಳಿಸಲಿಲ್ಲವೆಂದು ಕಿವಿಯ ಹಿಂದೆ ಕೈ ಆನಿಸಿ ಹಿಡಿದಳು. ಹೆಟ್ಟಿ ಇನ್ನೊಂದು ಸಲ ಹೇಳಿದಳು. ಅಷ್ಟರಲ್ಲಿ ಬಸ್ಸು ನಡುವೆ ಬಂದು ನಿಂತಿತು.